ವಿಡಿಯೊ ಪಾಠಕ್ಕೆ ಯಾವ ವ್ಯವಸ್ಥೆ ಒಳ್ಳೆಯದು? ಕಾಫಿ ಗುಡ್ಡದ ತುದಿಯಿಂದ ಅಳೆದು ನೋಡೋಣ

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ 1991ರಲ್ಲಿ ಒಂದು ಸಣ್ಣ ತಾಪತ್ರಯವಿತ್ತು. ಎಲ್ಲರಿಗೂ ಸೇರಿ ಕಾಫಿ ಪಾತ್ರೆ ಒಂದೇ. ಬೇರೆ ಮಹಡಿಯವರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅದು ಖಾಲಿಯಾಗಿರುತ್ತಿತ್ತು. ಅಲ್ಲಿನ ಸಂಶೋಧಕರು ಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟು, ಅದರ ಚಿತ್ರ ತಮ್ಮ ತಮ್ಮ ಕಂಪ್ಯೂಟರಿನಲ್ಲೇ ಕಾಣುವಂತೆ ಮಾಡಿಕೊಂಡರು. 1993ರಲ್ಲಿ ಆ ಚಿತ್ರ ಅಂತರಜಾಲಕ್ಕೂ ಬಂತು. ಜಗತ್ತಿನ ಮೊದಲ ವೆಬ್‌ಕ್ಯಾಮ್ ಎಂದು ಇಂದು ಹೆಸರಾಗಿರುವುದು ಅದೇ.

ಕಾಫಿಗಾಗಿ ಹುಟ್ಟಿದ ಈ ಉಪಾಯ ಕಾಫಿ ಬೆಳೆಯುವ ನಾಡಿನಲ್ಲೇ ಎಡವುತ್ತದೆ ಎನ್ನುವುದು ಮಲೆನಾಡಿನ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ಪಾಠವೆಲ್ಲ ಫೋನಿಗೆ ಬಂತು. ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕೂತು ಪಾಠ ಕೇಳಿದವರು ಎಷ್ಟೋ ಜನ. ನೆರೆಯ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ 2021ರ ಜೂನ್‌ನಲ್ಲಿ ದೇಶವೆಲ್ಲ ಸುತ್ತಿತು.

ಆ ಕಾಲ ಮುಗಿದರೂ ವಿಡಿಯೊ ಭೇಟಿ ಮುಗಿದಿಲ್ಲ. ಮೂಡಿಗೆರೆಯ ತೋಟಗಾರಿಕಾ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಚಿಕ್ಕಮಗಳೂರಿನ ಪದವಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದತ್ತ ನೋಡುತ್ತವೆ. ಸಭೆ, ಮಾರ್ಗದರ್ಶನ, ಮೌಖಿಕ ಪರೀಕ್ಷೆ, ವಿಶೇಷ ಉಪನ್ಯಾಸ ಹೀಗೆ ಒಂದಲ್ಲ ಒಂದಕ್ಕೆ ಈ ವ್ಯವಸ್ಥೆ ಬೇಕೇ ಬೇಕು. ಹಾಗಾದರೆ ಯಾವುದನ್ನು ಆರಿಸಬೇಕು? ಜಾಹೀರಾತು ನೋಡಿಯೋ, ಬೆಂಗಳೂರಿನವರು ಬಳಸುತ್ತಾರೆಂದೋ ತೀರ್ಮಾನಿಸಿದರೆ ಸಾಲದು. ಅಳೆದು ನೋಡಬೇಕು. ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಕೋಣೆಯಿಂದ ಕೈಗೆ

ಮೊದಲೆಲ್ಲ ವಿಡಿಯೊ ಕಾನ್ಫರೆನ್ಸ್ ಎಂದರೆ ಒಂದು ಕೋಣೆ. ದೊಡ್ಡ ಪರದೆ, ದುಬಾರಿ ಕ್ಯಾಮೆರಾ, ಅದಕ್ಕೊಬ್ಬ ತಂತ್ರಜ್ಞ. ಆ ಕೋಣೆಗೆ ಹೋದವರಿಗೆ ಮಾತ್ರ ಭೇಟಿ. ಪಾಠವನ್ನು ದೂರಕ್ಕೆ ಕಳಿಸುವ ದೊಡ್ಡ ಪ್ರಯತ್ನವೊಂದು ನಮ್ಮ ರಾಜ್ಯಕ್ಕೆ ಉಪಗ್ರಹದ ಮೂಲಕವೇ ಬಂತು. ಶಿಕ್ಷಣಕ್ಕೆಂದೇ ಇಸ್ರೊ ತಯಾರಿಸಿದ ಎಜುಸ್ಯಾಟ್ 2004ರ ಸೆಪ್ಟೆಂಬರ್ 20ರಂದು ಕಕ್ಷೆಗೆ ಹೋಯಿತು. ಆ ಯೋಜನೆಯ ಆರಂಭದ ಹಂತದಲ್ಲೇ ಸೇರಿದ್ದ ಸಂಸ್ಥೆಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು.

ವೈಯಕ್ತಿಕ ವಿಡಿಯೊ ಕಾನ್ಫರೆನ್ಸಿಂಗ್ ಎಂದರೆ ಆ ಕೋಣೆಯೇ ಇಲ್ಲದ ವ್ಯವಸ್ಥೆ. ಉಪನ್ಯಾಸಕರು ತಮ್ಮ ಮೇಜಿನಿಂದ, ವಿದ್ಯಾರ್ಥಿ ತನ್ನ ಫೋನಿನಿಂದ ಸೇರಿಕೊಳ್ಳುತ್ತಾರೆ. ಇದರಲ್ಲಿ ಅನುಕೂಲ ಎಷ್ಟಿದೆಯೋ ತೊಡಕೂ ಅಷ್ಟೇ ಇದೆ. ಕೋಣೆಯಿದ್ದಾಗ ಒಂದು ಸಂಪರ್ಕ ಚೆನ್ನಾಗಿದ್ದರೆ ಸಾಕಿತ್ತು. ಈಗ ಅರವತ್ತು ವಿದ್ಯಾರ್ಥಿಗಳಿದ್ದರೆ ಅರವತ್ತು ಫೋನು, ಅರವತ್ತು ಮನೆ, ಅರವತ್ತು ಬಗೆಯ ನೆಟ್‌ವರ್ಕ್.

ಯೂಟ್ಯೂಬ್ ಓಡುತ್ತದೆ, ತರಗತಿ ಏಕೆ ನಿಲ್ಲುತ್ತದೆ?

'ನನ್ನ ಫೋನಿನಲ್ಲಿ ಸಿನಿಮಾ ಸರಾಗವಾಗಿ ಬರುತ್ತದೆ, ತರಗತಿ ಮಾತ್ರ ತುಂಡಾಗುತ್ತದೆ. ಆ್ಯಪ್ ಸರಿ ಇಲ್ಲ' ಎನ್ನುವ ಮಾತು ಸಾಮಾನ್ಯ. ತಪ್ಪು ಆ್ಯಪಿನದೇ ಆಗಬೇಕೆಂದಿಲ್ಲ.

ಯೂಟ್ಯೂಬ್ ಮುಂದಿನ ಹತ್ತಾರು ಸೆಕೆಂಡುಗಳ ವಿಡಿಯೊವನ್ನು ಮೊದಲೇ ತಂದು ಇಟ್ಟುಕೊಳ್ಳುತ್ತದೆ. ಅಟ್ಟದಲ್ಲಿ ಸೌದೆ ಒಟ್ಟಿಟ್ಟ ಹಾಗೆ. ನಡುವೆ ನಾಲ್ಕು ಸೆಕೆಂಡು ಸಂಪರ್ಕ ತಪ್ಪಿದರೂ ಒಲೆ ಆರುವುದಿಲ್ಲ. ಮಾತುಕತೆಯಲ್ಲಿ ಹೀಗೆ ಕೂಡಿಡಲು ಬರುವುದಿಲ್ಲ. ಉಪನ್ಯಾಸಕರು ಇನ್ನೂ ಆಡದ ಮಾತನ್ನು ಮೊದಲೇ ತರುವುದಾದರೂ ಹೇಗೆ?

ಹಾಗಾಗಿ ನೇರ ಮಾತುಕತೆಗೆ ಬೇಕಾದದ್ದು ಮೂರು. ಮೊದಲನೆಯದು, ತಡ ಕಡಿಮೆಯಿರಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿಯ ಪ್ರಕಾರ ಬಾಯಿಂದ ಕಿವಿಗೆ ತಲುಪಲು 150 ಮಿಲಿಸೆಕೆಂಡಿನೊಳಗಾದರೆ ಮಾತು ಸಹಜವೆನಿಸುತ್ತದೆ. 400 ದಾಟಬಾರದು. ಎರಡನೆಯದು, ಆ ತಡ ಒಂದೇ ಸಮನಾಗಿರಬೇಕು. ಒಮ್ಮೆ 80, ಒಮ್ಮೆ 500 ಎಂದು ಏರಿಳಿದರೆ ದನಿ ಗುಳುಗುಳು ಎನ್ನುತ್ತದೆ. ಮೂರನೆಯದು, ದಾರಿಯಲ್ಲಿ ತುಣುಕುಗಳು ಕಳೆಯಬಾರದು. ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ, ಅಂದರೆ ಸೆಕೆಂಡಿಗೆ 50ರಂತೆ ಕಳಿಸಲಾಗುತ್ತದೆ. ಒಂದೆರಡು ಕಳೆದರೆ ತಂತ್ರಾಂಶ ಅಂದಾಜಿನಿಂದ ತೇಪೆ ಹಾಕುತ್ತದೆ. ಸಾಲಾಗಿ ಹತ್ತು ಕಳೆದರೆ ಒಂದು ಪದವೇ ಮಾಯ.

ಸ್ಪೀಡ್ ಟೆಸ್ಟ್‌ನಲ್ಲಿ ಕಾಣುವ ದೊಡ್ಡ ಸಂಖ್ಯೆ ಈ ಮೂರರ ಬಗ್ಗೆ ಹೇಳುವುದು ಸ್ವಲ್ಪವೇ. ಅದು ಕೆಲವು ಸೆಕೆಂಡುಗಳ ಮಟ್ಟಿಗೆ, ಸಾಧ್ಯವಾದಷ್ಟು ಹತ್ತಿರದ ಸರ್ವರ್‌ನಿಂದ ಎಷ್ಟು ಮಾಹಿತಿ ಬರಬಹುದು ಎಂದು ನೋಡುತ್ತದೆ. ಒಂದು ಗಂಟೆಯ ತರಗತಿ ನಡುವೆ ಎಷ್ಟು ಸಲ ಸಂಪರ್ಕ ತಪ್ಪುತ್ತದೆ ಎಂಬುದು ಬೇರೆಯದೇ ಪ್ರಶ್ನೆ.

ನಂಬಿಕೆ: ಮಳೆ ಬಂದರೆ ಸಿಗ್ನಲ್ ಹೋಗುತ್ತದೆ

ಇದು ಅರ್ಧ ನಿಜ. ಮಳೆಹನಿ ಅಲೆಗಳನ್ನು ಹೆಚ್ಚಾಗಿ ಹೀರುವುದು ಸುಮಾರು 10 ಗಿಗಾಹರ್ಟ್ಸ್‌ಗಿಂತ ಮೇಲಿನ ಆವರ್ತನಗಳಲ್ಲಿ. ಡಿಟಿಎಚ್ ಡಿಶ್ ಬಳಸುವುದು ಅಂಥ ಅಲೆಗಳನ್ನೇ. ಜೋರು ಮಳೆಗೆ ಟಿವಿ ಚಿತ್ರ ಹೋಗುವುದು ಅದಕ್ಕೇ. ನಮ್ಮ 4ಜಿ ಫೋನುಗಳ ಅಲೆಗಳು 0.7ರಿಂದ 2.5 ಗಿಗಾಹರ್ಟ್ಸ್ ಒಳಗಿನವು. ಇವುಗಳ ಮೇಲೆ ಮಳೆಹನಿಯ ನೇರ ಪರಿಣಾಮ ತೀರಾ ಕಡಿಮೆ.

ಹಾಗಾದರೆ ಮುಂಗಾರಿನಲ್ಲಿ ಬಣಕಲ್, ಕೊಟ್ಟಿಗೆಹಾರ, ಕಳಸದ ಕಡೆ ನೆಟ್‌ವರ್ಕ್ ಹೋಗುವುದೇಕೆ? ಕಾರಣಗಳು ಬೇರೆ. ಮರ ಬಿದ್ದು ವಿದ್ಯುತ್ ತಂತಿ ತುಂಡಾಗುತ್ತದೆ. ಕರೆಂಟ್ ಇಲ್ಲದ ಟವರ್ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ನಡೆಯುತ್ತದೆ. ನೆಲದಡಿಯ ಕೇಬಲ್ ಗುಡ್ಡ ಜರಿದಾಗ ಕಡಿದುಹೋಗುತ್ತದೆ. ಒಂದು ಟವರ್ ಇನ್ನೊಂದಕ್ಕೆ ಮಾಹಿತಿ ಕಳಿಸುವ ಮೈಕ್ರೋವೇವ್ ಕೊಂಡಿ 10 ಗಿಗಾಹರ್ಟ್ಸ್‌ಗಿಂತ ಮೇಲಿನದಾಗಿದ್ದರೆ ಅದಕ್ಕೆ ಮಳೆ ತಟ್ಟುತ್ತದೆ. ಇನ್ನೊಂದು, ಎಲೆಗಳು. ಸಿಲ್ವರ್ ಓಕ್, ಹಾಲುವಾಣ, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ ಎಲ್ಲವೂ ನೀರು ತುಂಬಿದ ಹಸಿರು ಗೋಡೆಯಂತೆ ಅಲೆಗಳನ್ನು ಹೀರುತ್ತವೆ. ಎಲೆ ನೆನೆದಾಗ ಅದು ಇನ್ನಷ್ಟು ಹೆಚ್ಚುತ್ತದೆ. ಕಡಿಮೆ ಆವರ್ತನದ ಅಲೆ ಈ ಗೋಡೆಯನ್ನು ಹೆಚ್ಚು ಚೆನ್ನಾಗಿ ದಾಟುತ್ತದೆ.

ಈ ವ್ಯತ್ಯಾಸ ತಿಳಿದರೆ ಪರಿಹಾರವೂ ತಿಳಿಯುತ್ತದೆ. ಎಲೆ ಅಡ್ಡವಿದ್ದರೆ ಮಾಡಿನ ಮೇಲೆ ಹೊರ ಆಂಟೆನಾ ನೆರವಾಗಬಹುದು. ಟವರಿಗೇ ಕರೆಂಟ್ ಇಲ್ಲದಿದ್ದರೆ ಯಾವ ಆಂಟೆನಾ ಹಾಕಿಯೂ ಫಲವಿಲ್ಲ. ಆಗ ಬೇಕಿರುವುದು ಪಾಠವನ್ನು ಆಮೇಲೆ ಪಡೆಯುವ ದಾರಿ.

ನಂಬಿಕೆ: ಕಡ್ಡಿ ಪೂರ್ತಿ ಇದ್ದರೆ ನೆಟ್‌ವರ್ಕ್ ಚೆನ್ನಾಗಿದೆ

ಫೋನಿನ ಮೇಲ್ತುದಿಯ ಕಡ್ಡಿಗಳು ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎಂದಷ್ಟೇ ತೋರಿಸುತ್ತವೆ. ಆ ಟವರನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಎನ್ನುವುದನ್ನಲ್ಲ. ಬಸ್ ನಿಲ್ದಾಣದ ಪಕ್ಕದಲ್ಲೇ ಟವರ್ ಇದ್ದು ನಾಲ್ಕು ಕಡ್ಡಿ ಕಂಡರೂ, ಸಂಜೆ ಏಳಕ್ಕೆ ಊರೆಲ್ಲ ವಿಡಿಯೊ ನೋಡುವಾಗ ನಿಮ್ಮ ಪಾಲಿಗೆ ಬರುವುದು ಚೂರೇ ಇರಬಹುದು. ಎರಡು ಕಡ್ಡಿಯಿರುವ ತೋಟದ ದಿಣ್ಣೆಯಲ್ಲಿ ಮಧ್ಯಾಹ್ನ ಅದಕ್ಕಿಂತ ಚೆನ್ನಾಗಿ ನಡೆಯಬಹುದು.

ಡೇಟಾ ಲೆಕ್ಕ: ಮುಖ ದುಬಾರಿ, ಮಾತು ಅಗ್ಗ

ಝೂಮ್ ಕಂಪನಿಯೇ ಕೊಡುವ ಅಂದಾಜಿನಲ್ಲಿ ಸಾಧಾರಣ ಗುಣಮಟ್ಟದ ವಿಡಿಯೊಗೆ ಸೆಕೆಂಡಿಗೆ ಸುಮಾರು 600 ಕಿಲೋಬಿಟ್ ಬೇಕು, ಬರೀ ದನಿಗೆ 60ರಿಂದ 80, ಮುಖವಿಲ್ಲದೆ ಬರೀ ಸ್ಲೈಡ್ ತೋರಿಸಲು 50ರಿಂದ 75. ಎಂಟು ಬಿಟ್ ಸೇರಿದರೆ ಒಂದು ಬೈಟ್ ಎನ್ನುವುದನ್ನು ನೆನಪಿಟ್ಟು ಲೆಕ್ಕ ಹಾಕೋಣ.

600 ಕಿಲೋಬಿಟ್‌ನಂತೆ ಒಂದು ಗಂಟೆಗೆ 270 ಎಂಬಿ. ದಿನಕ್ಕೆ ನಾಲ್ಕು ತರಗತಿಯಾದರೆ 1,080 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ಲಾನ್ ಇರುವ ಮನೆಯಲ್ಲಿ ಒಬ್ಬಳ ಓದಿಗೇ ಮುಕ್ಕಾಲು ಪಾಲಿಗೆ ಹತ್ತಿರ ಹೋಯಿತು. ತಮ್ಮನಿಗೆ ಉಳಿಯುವುದು ಅಷ್ಟಕ್ಕಷ್ಟೇ. ಅದೇ ದನಿ ಮತ್ತು ಸ್ಲೈಡ್ ಮಾತ್ರವಾದರೆ, ಎರಡೂ ಸೇರಿ 155 ಕಿಲೋಬಿಟ್ ಎಂದುಕೊಂಡರೂ, ಗಂಟೆಗೆ 70 ಎಂಬಿ, ನಾಲ್ಕು ತರಗತಿಗೆ 280 ಎಂಬಿ. ಕಾಲು ಭಾಗ!

ಎಲ್ಲರೂ ಕ್ಯಾಮೆರಾ ಹಾಕಲೇಬೇಕು ಎನ್ನುವ ನಿಯಮದ ಬೆಲೆಯನ್ನೂ ನೋಡಿ. 30 ಜನರ ತರಗತಿಯಲ್ಲಿ ಎಲ್ಲರ ಮುಖ ಎಲ್ಲರಿಗೂ ಹೋಗಬೇಕಾದರೆ ಒಬ್ಬೊಬ್ಬರಿಗೆ ಉಳಿದ 29 ಮುಖ ತಲುಪಬೇಕು. ಒಟ್ಟು 30×29, ಅಂದರೆ 870 ವಿಡಿಯೊ ಹರಿವು. ಉಪನ್ಯಾಸಕರ ಮುಖ ಮಾತ್ರ ಹೋದರೆ 29 ಸಾಕು. ಒಳ್ಳೆಯ ವ್ಯವಸ್ಥೆಗಳು ಸಣ್ಣ ಚೌಕಕ್ಕೆ ಸಣ್ಣ ಚಿತ್ರವನ್ನೇ ಕಳಿಸಿ ಈ ಹೊರೆ ಇಳಿಸುತ್ತವೆ ನಿಜ. ಆದರೂ ಕ್ಯಾಮೆರಾ ಆರಿಸಿದವನು ಪಾಠ ಕೇಳುತ್ತಿಲ್ಲ ಎಂದು ತೀರ್ಮಾನಿಸುವ ಮೊದಲು ಈ ಲೆಕ್ಕ ನೆನಪಿರಲಿ. ಹಾಜರಾತಿಗೆ ಮುಖ ಕಾಣಲೇಬೇಕೆಂದರೆ ನೆಟ್‌ವರ್ಕ್ ಚೆನ್ನಾಗಿರುವ ಮನೆಯವರಿಗೆ ಹಾಜರಾತಿ, ಉಳಿದವರಿಗೆ ಗೈರು ಎಂದಾಗುತ್ತದೆ.

ಇನ್ನೊಂದು ಮಾತು. ಗಂಟೆಗಟ್ಟಲೆ ಮುಖಗಳನ್ನು ನೋಡುತ್ತ ಕೂರುವುದು ದಣಿವನ್ನೂ ತರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ಇದಕ್ಕೆ ನಾಲ್ಕು ಕಾರಣಗಳನ್ನು ಮುಂದಿಟ್ಟರು: ತೀರಾ ಹತ್ತಿರದಿಂದ ದಿಟ್ಟಿಸುವ ಕಣ್ಣುಗಳು, ಸದಾ ಕಾಣುವ ನಮ್ಮದೇ ಮುಖ, ಅಲುಗಾಡದೆ ಕೂರಬೇಕಾದ ಕಟ್ಟು ಮತ್ತು ಸನ್ನೆಗಳನ್ನು ಅರ್ಥಮಾಡಿಕೊಳ್ಳಲು ಮನಸ್ಸು ಪಡುವ ಹೆಚ್ಚುವರಿ ಶ್ರಮ.

ಪರೀಕ್ಷೆ ಮಾಡುವುದು ಹೇಗೆ?

ಹೊಸ ವ್ಯವಸ್ಥೆಯನ್ನು ಸಾಮಾನ್ಯವಾಗಿ ಪರೀಕ್ಷಿಸುವುದು ಪ್ರಾಂಶುಪಾಲರ ಕೊಠಡಿಯಿಂದ ಪಕ್ಕದ ಕಂಪ್ಯೂಟರ್ ಲ್ಯಾಬಿಗೆ. ಅಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ! ಕಾಫಿ ಗುಡ್ಡಕ್ಕೆ ಹೊಂದುವ ಪರೀಕ್ಷೆ ಹೀಗಿರಲಿ.

1. ಜಾಗ ಆರಿಸಿ. ಉಪನ್ಯಾಸಕರು ಕಾಲೇಜಿನಲ್ಲೇ ಇರಲಿ. ಪರೀಕ್ಷೆಗೆ ಒಪ್ಪಿದ ವಿದ್ಯಾರ್ಥಿಗಳು ತಮ್ಮ ಮನೆಗಳಿಂದಲೇ ಸೇರಲಿ. ಒಬ್ಬರು ಚಿಕ್ಕಮಗಳೂರು ಪೇಟೆಯವರು, ಒಬ್ಬರು ಹಾಸ್ಟೆಲಿನವರು, ಒಬ್ಬರು ಆಲ್ದೂರು ಕಡೆಯವರು, ಒಬ್ಬರು ಸಂಸೆ ಅಥವಾ ಹೊರನಾಡಿನ ಕಡೆಯವರು, ಒಬ್ಬರು ಎಸ್ಟೇಟಿನ ಲೈನ್‌ಮನೆಯವರು.

2. ಹೊತ್ತು ಆರಿಸಿ. ಬೆಳಗ್ಗೆ ಒಮ್ಮೆ, ಸಂಜೆ ಏಳರ ಮೇಲೆ ಒಮ್ಮೆ. ಜನವರಿಯ ಬಿಸಿಲಿನಲ್ಲಿ ಮಾಡಿದ ಪರೀಕ್ಷೆ ಜುಲೈಗೆ ಅನ್ವಯಿಸುವುದಿಲ್ಲ. ಮಳೆಗಾಲದಲ್ಲೂ ಮಾಡಿ.

3. ಕಿವಿಯ ಪರೀಕ್ಷೆ. ಉಪನ್ಯಾಸಕರು ಹೋಲುವ ಪದಗಳನ್ನು ಬೆರೆಸಿ ಇಪ್ಪತ್ತು ಪದ ಓದಲಿ: ಬೆಲೆ, ಬೆಳೆ, ಕಲೆ, ಕಳೆ, ಹಾಲು, ಹಾಳು, ಕಾಯಿ, ತಾಯಿ, ಬಾಯಿ. ಕೇಳಿದವರು ಬರೆದುಕೊಳ್ಳಲಿ. ವಾಕ್ಯದಲ್ಲಾದರೆ ಕೇಳದ ಪದವನ್ನೂ ನಾವು ಊಹಿಸಿಬಿಡುತ್ತೇವೆ. ಬಿಡಿ ಪದದಲ್ಲಿ ಊಹೆ ನಡೆಯುವುದಿಲ್ಲ. ದನಿಯನ್ನು ಹಿಂಡಿ ಕಳಿಸುವಾಗ ಮೊದಲು ಪೆಟ್ಟು ತಿನ್ನುವುದು ಸ್ವರವಲ್ಲ, ವ್ಯಂಜನ. ಹೊಸ ಶಬ್ದಗಳೇ ತುಂಬಿರುವ ಪಾಠದಲ್ಲಿ ಇದರಿಂದ ನಷ್ಟ ಹೆಚ್ಚು.

4. ಎಣಿಕೆಯ ಆಟ. ಕಾಲೇಜಿನಲ್ಲಿ ಒಬ್ಬರು 'ಒಂದು' ಎನ್ನಲಿ, ಮನೆಯಲ್ಲಿರುವವರು ಅದನ್ನು ಕೇಳಿದ ಕೂಡಲೇ 'ಎರಡು' ಎನ್ನಲಿ. ಹೀಗೆ ಇಪ್ಪತ್ತರವರೆಗೆ. ಇಬ್ಬರೂ ಎದುರುಬದುರು ಕೂತು ಆಡಲು ಎಷ್ಟು ಹೊತ್ತಾಯಿತೋ ಅದನ್ನು ಇದರಿಂದ ಕಳೆಯಿರಿ. ಮಾತು 19 ಸಲ ಕೈ ಬದಲಾಗಿರುತ್ತದೆ. ಉಳಿದ ಹೊತ್ತನ್ನು 19ರಿಂದ ಭಾಗಿಸಿದರೆ ಒಂದು ಬದಿಯ ತಡ ಸಿಕ್ಕಿತು. ಹೆಚ್ಚುವರಿ ಹೊತ್ತು 4 ಸೆಕೆಂಡಾದರೆ ತಡ ಸುಮಾರು 210 ಮಿಲಿಸೆಕೆಂಡು. ಯಾವ ಉಪಕರಣವೂ ಬೇಡ, ಒಂದು ಗಡಿಯಾರ ಸಾಕು.

ಹೋಲಿಕೆಗೆ ಎಜುಸ್ಯಾಟ್ ಕಾಲವನ್ನು ನೆನೆಯಿರಿ. ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಹೋಗಿ ಬರುವ ದಾರಿ 71,000 ಕಿಲೋಮೀಟರಿಗೂ ಹೆಚ್ಚು. ಬೆಳಕಿನ ವೇಗದಲ್ಲೂ ಅದಕ್ಕೆ 240 ಮಿಲಿಸೆಕೆಂಡು ಹಿಡಿಯುತ್ತದೆ. ಪ್ರಶ್ನೆ ಹೋಗಿ ಉತ್ತರ ಮರಳಲು ಅರ್ಧ ಸೆಕೆಂಡು. ತಂತ್ರಜ್ಞರು ಎಷ್ಟೇ ಜಾಣರಾದರೂ ಇದನ್ನು ಇಳಿಸಲಾಗದು. ನೆಲದ ಮೇಲಿನ ಸಂಪರ್ಕದಲ್ಲಿ ಸರ್ವರ್ ಮುಂಬೈಯಲ್ಲಿದೆಯೋ ಸಮುದ್ರದಾಚೆ ಇದೆಯೋ ಎಂದು ಕೇಳಬೇಕಾದದ್ದೂ ಇದಕ್ಕೇ.

5. ಬಿದ್ದು ಏಳುವ ಪರೀಕ್ಷೆ. ಬೇಕೆಂದೇ ಮೊಬೈಲ್ ಡೇಟಾ ಆರಿಸಿ, ಹತ್ತು ಸೆಕೆಂಡಿನ ಬಳಿಕ ಹಾಕಿ. ಭೇಟಿಗೆ ತಾನಾಗಿಯೇ ಮರಳುತ್ತದೆಯೇ, ಎಷ್ಟು ಸೆಕೆಂಡಿನಲ್ಲಿ? ಪ್ರತಿ ಸಲವೂ ಉಪನ್ಯಾಸಕರು ಒಳಗೆ ಬಿಟ್ಟುಕೊಳ್ಳಬೇಕೇ? ಗಂಟೆಗೆ ಆರು ಸಲ ಸಂಪರ್ಕ ತಪ್ಪುವ ಮನೆಗೆ ಇದೇ ಮುಖ್ಯ ಗುಣ.

6. ಹಳೆಯ ಫೋನಿನ ಪರೀಕ್ಷೆ. ತರಗತಿಯಲ್ಲಿರುವ ಅತ್ಯಂತ ಅಗ್ಗದ ಫೋನಿನಲ್ಲಿ ಒಂದು ಗಂಟೆ ನಡೆಸಿ. ಎಷ್ಟು ಬಿಸಿಯಾಯಿತು, ಬ್ಯಾಟರಿ ಎಷ್ಟು ಇಳಿಯಿತು, ಆ್ಯಪ್ ಹಾಕದೆ ಬ್ರೌಸರಿನಿಂದಲೇ ಸೇರಲು ಬರುತ್ತದೆಯೇ ಎಂದು ಬರೆದಿಡಿ. ಕರೆಂಟ್ ಇಲ್ಲದ ದಿನ ಬ್ಯಾಟರಿಯೇ ಪಾಠದ ಅವಧಿ.

7. ಡೇಟಾ ಇಲ್ಲದ ದಾರಿ. ಸಾಮಾನ್ಯ ಫೋನ್ ಕರೆ ಮಾಡಿ ದನಿಯನ್ನು ಮಾತ್ರ ಕೇಳುವ ಸೌಲಭ್ಯ ಇದೆಯೇ? ಡೇಟಾ ಸತ್ತ ಕಡೆಯೂ ಕೆಲವೊಮ್ಮೆ ಕರೆ ಸಿಗುತ್ತದೆ. ಪಾಠದ ಧ್ವನಿಮುದ್ರಿಕೆ ಸಣ್ಣ ಕಡತವಾಗಿ ಸಿಗುತ್ತದೆಯೇ? ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೆ ಗುಂಡಿಗಳ ಹೆಸರು ಓದಲು ಬರುತ್ತದೆಯೇ? ಕಿವಿ ಕೇಳದವರಿಗೆ ಕನ್ನಡದಲ್ಲಿ ಅಡಿಬರಹ ಮೂಡುತ್ತದೆಯೇ? ಮೂಡಿದರೂ ಅದು ಓದುವಂತಿದೆಯೇ?

ಇಷ್ಟಾದ ಮೇಲೆ ಅಂಕ ಹಾಕುವಾಗ ಸರಾಸರಿ ತೆಗೆಯಬೇಡಿ. ಅರವತ್ತು ಜನರಲ್ಲಿ 55 ಮಂದಿಗೆ ಕನ್ನಡಿಯಂಥ ಚಿತ್ರ, 5 ಮಂದಿಗೆ ಏನೂ ಇಲ್ಲ ಎನ್ನುವ ವ್ಯವಸ್ಥೆ ಒಂದು. ಅರವತ್ತು ಜನಕ್ಕೂ ಮಂಜು ಚಿತ್ರ, ಆದರೆ ಸ್ಪಷ್ಟ ಮಾತು ಎನ್ನುವ ವ್ಯವಸ್ಥೆ ಇನ್ನೊಂದು. ಸರಾಸರಿಯಲ್ಲಿ ಮೊದಲನೆಯದು ಗೆಲ್ಲುತ್ತದೆ. ತರಗತಿಗೆ ಬೇಕಾದದ್ದು ಎರಡನೆಯದು. ಆದ್ದರಿಂದ ಕೊನೆಯ ಐವರ ಅಂಕವನ್ನೇ ವ್ಯವಸ್ಥೆಯ ಅಂಕ ಎಂದುಕೊಳ್ಳಿ.

ಕೊಳ್ಳುವುದೋ, ನಾವೇ ನಡೆಸುವುದೋ?

ಝೂಮ್, ಗೂಗಲ್ ಮೀಟ್, ಮೈಕ್ರೋಸಾಫ್ಟ್ ಟೀಮ್ಸ್ ಎಲ್ಲರಿಗೂ ಗೊತ್ತು. ಉಚಿತ ಖಾತೆಗಳಿಗೆ ಸಮಯದ ಮಿತಿ ಇರುತ್ತದೆ. ಝೂಮ್‌ನ 40 ನಿಮಿಷದ ಮಿತಿ ಪ್ರಸಿದ್ಧ. ಮುಕ್ತ ತಂತ್ರಾಂಶಗಳೂ ಇವೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಆರಂಭವಾದ ಬಿಗ್‌ಬ್ಲೂಬಟನ್ ಪಾಠಕ್ಕೆಂದೇ ರೂಪುಗೊಂಡದ್ದು. ಜಿಟ್ಸಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ವಿದ್ಯಾರ್ಥಿಯೊಬ್ಬನ ಕೆಲಸವಾಗಿ ಹುಟ್ಟಿತು. ನಮ್ಮಲ್ಲೇ ಅಮೃತ ವಿಶ್ವವಿದ್ಯಾಪೀಠ ಎ-ವ್ಯೂ ಎಂಬುದನ್ನು ರೂಪಿಸಿತು.

ಮುಕ್ತ ತಂತ್ರಾಂಶಕ್ಕೆ ಶುಲ್ಕವಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ಸರ್ವರ್, ಅದನ್ನು ನೋಡಿಕೊಳ್ಳುವ ಜನ, ಹೊರಹೋಗುವ ದೊಡ್ಡ ಸಂಪರ್ಕ ಬೇಕು. ಗುಡ್ಡದ ಕಾಲೇಜಿನ ಮೂಲೆಯಲ್ಲಿ ಸರ್ವರ್ ಇಟ್ಟರೆ ಅಲ್ಲಿ ಕರೆಂಟ್ ಹೋದಾಗ ಎಲ್ಲರ ಪಾಠವೂ ಹೋಗುತ್ತದೆ. ಇದು ವಿಶ್ವವಿದ್ಯಾಲಯದ ಮಟ್ಟದಲ್ಲಿ ನಡೆಸಬೇಕಾದ ಕೆಲಸ.

ಸುರಕ್ಷತೆ: ಹೆದರಿಕೆ ಬೇಡ, ಉದಾಸೀನವೂ ಬೇಡ

2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಝೂಮ್ ಸುರಕ್ಷಿತವಲ್ಲ ಎಂದು ಸಲಹೆ ಹೊರಡಿಸಿತು. ಆಗ ಅಪರಿಚಿತರು ತರಗತಿಗೆ ನುಗ್ಗುತ್ತಿದ್ದುದು ನಿಜ. ಪಾಸ್‌ವರ್ಡ್ ಮತ್ತು ಕಾಯುವ ಕೋಣೆ ತಾವಾಗಿಯೇ ಜಾರಿಯಲ್ಲಿರುವಂತೆ ಕಂಪನಿ ಬದಲಿಸಿತು. ಸಂಪೂರ್ಣ ಗೂಢಲಿಪಿಯಿದೆ ಎಂದು ಹೇಳಿಕೊಂಡದ್ದರ ಬಗ್ಗೆ ಅಮೆರಿಕದ ವ್ಯಾಪಾರ ಆಯೋಗದ ಆರೋಪವನ್ನು ಅದೇ ವರ್ಷ ನವೆಂಬರಿನಲ್ಲಿ ರಾಜಿ ಮಾಡಿಕೊಂಡಿತು. ಕಲಿಯಬೇಕಾದದ್ದು ಇಷ್ಟು: ಯಾವ ಕಂಪನಿಯ ಮಾತನ್ನೂ ಹಾಗೆಯೇ ನಂಬದೆ, ಧ್ವನಿಮುದ್ರಿಕೆ ಎಲ್ಲಿ ಉಳಿಯುತ್ತದೆ, ಯಾರು ನೋಡಬಹುದು, ಯಾವಾಗ ಅಳಿಸಲಾಗುತ್ತದೆ ಎಂದು ಬರಹದಲ್ಲಿ ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಪದವಿಯ ಮೊದಲ ವರ್ಷದಲ್ಲಿ ಅಂಥವರು ಇರುತ್ತಾರೆ.

ವಿಡಿಯೊದಿಂದ ಆಗದ ಕೆಲಸ

ಕೊನೆಯದಾಗಿ ಒಂದು ಎಚ್ಚರಿಕೆ. ತೋಟಗಾರಿಕೆಯ ವಿದ್ಯಾರ್ಥಿ ಕಾಫಿ ಗಿಡದ ಮುಂದೆ ನಿಂತು 'ಸರ್, ಇದು ಎಲೆ ತುಕ್ಕು ರೋಗವೇ ನೋಡಿ' ಎಂದು ವಿಡಿಯೊ ಕರೆ ಮಾಡಿದ ಎಂದುಕೊಳ್ಳಿ. ಎಲೆಯ ಅಡಿಯ ಕಿತ್ತಳೆ ಬಣ್ಣದ ಪುಡಿ, ಬಿಳಿ ಕಾಂಡಕೊರಕ ಹೊಕ್ಕ ಕಾಂಡದ ಮೇಲಿನ ಸಣ್ಣ ಏರು ಇವೆಲ್ಲ ಸೂಕ್ಷ್ಮ ಗುರುತುಗಳು. 720ಪಿ ವಿಡಿಯೊದ ಒಂದು ಚೌಕಟ್ಟಿನಲ್ಲಿರುವುದು ಒಂದು ಮೆಗಾಪಿಕ್ಸೆಲಿಗೂ ಕಡಿಮೆ. ಅದೇ ಫೋನಿನ ಸ್ಥಿರಚಿತ್ರದಲ್ಲಿ 12 ಮೆಗಾಪಿಕ್ಸೆಲ್. ಸಂಪರ್ಕ ಕುಗ್ಗಿದಾಗ ತಂತ್ರಾಂಶ ಮೊದಲು ಬಿಡುವುದು ಇಂಥ ಸೂಕ್ಷ್ಮ ವಿವರಗಳನ್ನೇ. ಆದ್ದರಿಂದ ಮೂರು ಫೋಟೊ ತೆಗೆದು ಕಳಿಸಿ, ಆಮೇಲೆ ಮಾತಾಡುವುದೇ ಮೇಲು. ಅನುಮಾನ ಉಳಿದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರಿಗೆ ಎಲೆಯನ್ನೇ ತೋರಿಸಬೇಕು.

ಒಟ್ಟಿನಲ್ಲಿ, ಅತ್ಯುತ್ತಮ ವಿಡಿಯೊ ವ್ಯವಸ್ಥೆ ಎಂಬುದು ಯಾವುದೋ ಒಂದು ಆ್ಯಪಿನ ಹೆಸರಲ್ಲ. ಮೊದಲು ಮಾತು, ಆಮೇಲೆ ಸ್ಲೈಡ್, ಕೊನೆಗೆ ಮುಖ. ತಪ್ಪಿದವರಿಗೆ ಧ್ವನಿಮುದ್ರಿಕೆ, ಮುಖ ಕಾಣದವರಿಗೂ ಹಾಜರಾತಿ. ಇಷ್ಟನ್ನು ಯಾವುದು ಕೊಡುತ್ತದೋ ಅದು ಒಳ್ಳೆಯದು. ನಿಮ್ಮ ಕಾಲೇಜಿನಲ್ಲಿ ಹೊಸ ವ್ಯವಸ್ಥೆ ತರುವ ಮಾತು ಬಂದರೆ ಒಂದೇ ಪ್ರಶ್ನೆ ಕೇಳಿ: ಜುಲೈ ತಿಂಗಳ ಸಂಜೆ, ಕರೆಂಟ್ ಇಲ್ಲದ ಹೊತ್ತಿನಲ್ಲಿ, ಕಳಸದ ಆಚೆಯ ಮನೆಯಿಂದ ಇದನ್ನು ಯಾರಾದರೂ ನಡೆಸಿ ನೋಡಿದ್ದೀರಾ?